ಸಾಟಿ ನಾಡಿನ ತಕ್ಕಡಿ

ಮಮದಾಪುರದ ಹೊಲಗಳಲ್ಲಿ ಜೋಳದ ರಾಶಿ ಶುರುವಾಯಿತೆಂದರೆ ಹುಡುಗರ ಕಣ್ಣೆಲ್ಲ ಲಗಮವ್ವನ ಬುಟ್ಟಿಯ ಮೇಲೆ. ಚುರುಮುರಿ, ಹುರಿದ ಶೇಂಗಾ, ಬೆಲ್ಲದ ಉಂಡಿ, ಕಾಲ ಬಂದರೆ ಬಾರಿಹಣ್ಣು. ಎಪ್ಪತ್ತು ದಾಟಿದ ಮುದುಕಿ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು, ಎರಡೂ ಕೈ ಬಿಟ್ಟು, ಬದುವಿನ ಮೇಲೆ ಸರಸರ ನಡೆದು ಬರುವುದನ್ನು ನೋಡಿದರೆ ಬೈಕಿನಿಂದ ಬೀಳುವ ಇಂದಿನ ಹುಡುಗರು ನಾಚಬೇಕು. ಆಕೆಯ ಹತ್ತಿರ ದುಡ್ಡು ನಡೆಯುವುದಿಲ್ಲ. ಕಾಳು ಕೊಟ್ಟರೆ ಚುರುಮುರಿ, ಇಲ್ಲದಿದ್ದರೆ ಇಲ್ಲ. ಯಾವನಾದರೂ ಹತ್ತು ರೂಪಾಯಿಯ ನೋಟು ಹಿಡಿದುಕೊಂಡು ಬಂದರೆ ಆಕೆಗೆ ಮೈಯೆಲ್ಲ ಉರಿಯುತ್ತದೆ.

"ಈ ಕಾಗದಾ ಬೀಸಿದ್ರ ಹಿಟ್ಟ ಬರ್ತೈತೇನೋ? ಹೋಗು, ನಿಮ್ಮವ್ವನ ಕೇಳಿ ಒಂದ ಬೊಗಸಿ ಜೋಳಾ ತಗೊಂಡ ಬಾ."

ಊರ ಅಂಗಡಿಗಳಲ್ಲಿ ಫೋನು ಹಿಡಿದು ದುಡ್ಡು ಕಳಿಸುವ ಚೀಟಿ ಅಂಟಿಕೊಂಡು ಎಷ್ಟೋ ಕಾಲವಾಯಿತು. ಚಹಾದಂಗಡಿಯ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಗಂಟಲು ಹರಿದುಕೊಂಡು ಕೂಗುತ್ತದೆ. ಲಗಮವ್ವನ ವ್ಯಾಪಾರ ಮಾತ್ರ ಹುಡುಗರ ಬೊಗಸೆಯಲ್ಲಿ, ಅಂಗಿಯ ಮಡಿಲಲ್ಲಿ ನಡೆಯುತ್ತದೆ. ಕಾಳು ತಗೊಳ್ಳುವಾಗ ಹುಡುಗರ ಬೊಗಸೆ ಅಳತೆ, ಚುರುಮುರಿ ಕೊಡುವಾಗ ತನ್ನ ಬೊಗಸೆ ಅಳತೆ. ಇದರಲ್ಲಿ ಲಾಭ ಏನು ಬಂತೆಂದು ಕೇಳಬಾರದು. ಕೂಡಿಬಿದ್ದ ಕಾಳನ್ನು ಗೋಕಾಕದ ಸಂತೆಗೆ ಹಾಕಿ ಎಲೆ, ಅಡಕೆ, ಒಂದು ಸೀರೆ ಅಷ್ಟು ಹೊರಟರೆ ಆಕೆಗೆ ಸಾಕು.

ಹುಡುಗರು ಬರುವುದು ಬರೀ ಚುರುಮುರಿಗಲ್ಲ. ಬುಟ್ಟಿ ಇಳಿಸಿ ಬೇವಿನ ನೆರಳಲ್ಲಿ ಕೂತ ಮೇಲೆ ಒಂದು ಕತೆ ಹೇಳಬೇಕು. ಆಕೆಯ ಕತೆಗಳಲ್ಲಿ ರಾಜಕುಮಾರಿಯರು ಕಡಿಮೆ, ವ್ಯಾಪಾರ ಜಾಸ್ತಿ. ಎಲ್ಲ ಕತೆಯೂ ಒಂದೇ ನಾಡಿನದು. ಅದರ ಹೆಸರು ಸಾಟಿ ನಾಡು, ಅಂದರೆ ಅದಲುಬದಲಿನ ನಾಡು.

ಆ ನಾಡಿನಲ್ಲಿ ರೊಕ್ಕ ಇಲ್ಲ. ಅಗಸೆಯ ಬಾಗಿಲಲ್ಲಿ ಒಂದು ದೊಡ್ಡ ತಕ್ಕಡಿ, ಅದರ ಬದಿಯಲ್ಲಿ ಒಬ್ಬ ತೂಗುವಾಕೆ. ತೂಕದ ಕಲ್ಲು ಇಲ್ಲ. ನಿನಗೆ ಬೇಕಾದದ್ದು ಒಂದು ಕಡೆ, ನೀನು ಕೊಡುವುದು ಇನ್ನೊಂದು ಕಡೆ. ಒಕ್ಕಲಿಗನೊಬ್ಬ ತನ್ನ ನೆರಳು ಕೊಟ್ಟು ಎತ್ತು ತಂದ. ಅಂದಿನಿಂದ ಮಟಮಟ ಮಧ್ಯಾಹ್ನ ಎತ್ತಿನ ನೆರಳಲ್ಲೇ ಕೂಡುತ್ತಿದ್ದ. ಬಾಣಂತಿಯೊಬ್ಬಳು ತನ್ನ ನಿದ್ದೆ ಮಾರಿ ಕೂಸಿಗೆ ಹಾಲು ಕೊಂಡಳು. ಅಲ್ಲಿಯ ಸಾಹುಕಾರನ ಮನೆಯಲ್ಲಿ ಕಾಳು ತುಂಬುವ ಹಗೇವಿನ ತುಂಬ ಜನರ ನಿದ್ದೆ, ಆದರೆ ಇಲಿ ಬಿದ್ದಾವೆಂಬ ಚಿಂತೆಯಲ್ಲಿ ಅವನಿಗೇ ನಿದ್ದೆ ಇಲ್ಲ.

ಒಮ್ಮೆ ಆ ನಾಡಿಗೆ ಒಬ್ಬ ಶಾಣ್ಯಾ ರಾಜ ಬಂದ. ಉಪ್ಪು ಬೇಕಾದವನು ಆಡು ಎಳೆದುಕೊಂಡು ಹೋಗುವುದು, ಆಡು ಬೇಕಾದವನು ಹಾಡು ಹಾಡಿಕೊಂಡು ಬರುವುದು, ಇದೆಂಥ ಕಿರಿಕಿರಿ ಎಂದು ಏಣಿ ಹಾಕಿ ಚಂದಪ್ಪನನ್ನು ಚೂರುಚೂರು ಒಡೆದು ನಾಣ್ಯ ಮಾಡಿಸಿದ. ಥಳಥಳ ಹೊಳೆಯುವ ರೊಕ್ಕ. ಜನ ಹುಚ್ಚೆದ್ದು ಮನೆ ಮಠ ಮಾರಿ ರೊಕ್ಕ ಮಾಡಿಕೊಂಡರು. ಅಮಾಸೆ ಬಂತು. ಎಲ್ಲರ ಗಂಟಿನಲ್ಲೂ ರೊಕ್ಕ ಇದ್ದಿಲಾಗಿ ಕೂತಿತು.

"ಮುಂದ ಅಂಗಡಿ ಹೆಂಗ ನಡೀತಿತ್ತ ಆಯಿ?" ಎಂದು ಯಾವನೋ ಕೇಳುತ್ತಾನೆ.

"ಹುಣ್ಣಿವಿ ತನಕ ಉದ್ರಿ!" ಎಂದು ಆಕೆ ಬೊಚ್ಚುಬಾಯಿ ತೆರೆದು ನಗುತ್ತಾಳೆ.

ಕೊನೆಗೆ ಜನ ಮತ್ತೆ ತಕ್ಕಡಿಗೇ ಬಂದರು. ತಕ್ಕಡಿಗೆ ಎರಡು ಕಟ್ಟಳೆ. ಬಿಟ್ಟಿ ಯಾವುದೂ ಸಿಗುವುದಿಲ್ಲ ಎಂಬುದು ಮೊದಲನೆಯದು. ಕೊಟ್ಟ ವಸ್ತು ಮುನಿಸಿಕೊಂಡು ತಿರುಗಿ ಬಂದರೆ, ತಗೊಂಡ ವಸ್ತುವೂ ತಿರುಗಿ ಹೋಗಬೇಕು ಎಂಬುದು ಎರಡನೆಯದು. ಎತ್ತು ಹಗ್ಗ ಹರಕೊಂಡು ಹಳೇ ಮನೆಗೆ ಓಡಿದರೆ ನೆರಳು ಒಕ್ಕಲಿಗನ ಕಾಲಿಗೆ ಮರಳಿ ಅಂಟುತ್ತದೆ. ಹೀಗೆ ತಿರುಗಿ ಬಂದ ವಸ್ತುವಿಗೆ ಹಳೇ ಜಾಗ ಉಳಿದಿರದಿದ್ದರೆ? ಎಂದು ಮಕ್ಕಳು ಕೇಳುವ ಹೊತ್ತಿಗೆ ಲಗಮವ್ವ ಬುಟ್ಟಿ ಎತ್ತಿಬಿಡುತ್ತಾಳೆ. "ಬುಟ್ಟಿ ಖಾಲಿ, ಕತಿ ಖಾಲಿ." ಎಷ್ಟು ಕಾಡಿದರೂ ಅದರಾಚೆಗೆ ಒಂದು ಮಾತಿಲ್ಲ.

ಈ ನಾಡನ್ನು ಆಕೆ ಎಲ್ಲಿ ನೋಡಿ ಬಂದಳೆಂದು ಊರಲ್ಲಿ ಯಾರೂ ಕೇಳಲಿಲ್ಲ. ಹಿರಿಯರಿಗೆ ಗೊತ್ತಿತ್ತು, ಕಿರಿಯರಿಗೆ ಬೇಕಿರಲಿಲ್ಲ.

ಲಗಮವ್ವ ಸಾಟಿಗೆ ಹೋದ ಹೆಣ್ಣು. ಆಕೆಯ ಅಣ್ಣ ಉದ್ದಪ್ಪನಿಗೆ ಹೆಣ್ಣು ಸಿಗಲಿಲ್ಲ. ಕುರಿ ಕಾಯುವ ಮನೆತನ, ವರ್ಷದ ಅರ್ಧ ಕಾಲ ಅಡವಿ. ಘೋಡಗೇರಿಯ ಒಂದು ಮನೆಯವರು, ನಮ್ಮ ಕೆಂಚವ್ವನನ್ನು ಕೊಡುತ್ತೇವೆ, ನಿಮ್ಮ ಲಗಮವ್ವನನ್ನು ನಮ್ಮ ಶಿದ್ರಾಮನಿಗೆ ಕೊಡಿ ಎಂದರು. ಒಂದೇ ಹಂದರದಲ್ಲಿ ಎರಡು ಜೋಡಿಗೆ ಅಕ್ಕಿಕಾಳು ಬಿತ್ತು. ಅಣ್ಣನ ಹೆಂಡತಿಯೇ ಗಂಡನ ತಂಗಿ, ಇಲ್ಲಿಯ ಸೊಸೆಯೇ ಅಲ್ಲಿಯ ಮಗಳು. ಖರ್ಚು ಕಡಿಮೆ, ಹೊನ್ನು ಕೇಳುವ ಗೋಜಿಲ್ಲ ಎಂದು ಹಿರಿಯರು ಖುಷಿಪಟ್ಟರು. ಹಿರಿಯರಿಗೆ ಖುಷಿಪಡಲು ಏನು, ಹೋಗುವವರು ಅವರಲ್ಲವಲ್ಲ.

ಉದ್ದಪ್ಪನ ಕೈ ಕೆಟ್ಟದ್ದು. ಮಮದಾಪುರದಲ್ಲಿ ಕೆಂಚವ್ವನಿಗೆ ಏಟು ಬಿದ್ದ ಸುದ್ದಿ ಸಂತೆಯ ಜನರ ಬಾಯಲ್ಲಿ ಘೋಡಗೇರಿಗೆ ಮುಟ್ಟುತ್ತಿತ್ತು. ಮುಟ್ಟಿದ ದಿನ ಅಲ್ಲಿಯ ಅತ್ತೆ ಮಗನಿಗೆ ಹೇಳುವಳು, ನಮ್ಮ ಹುಡುಗಿಗೆ ಬಿದ್ದಷ್ಟು ಅವರ ಹುಡುಗಿಗೂ ಬೀಳಬೇಕು. ಶಿದ್ರಾಮ ಪಾಪದವನು. ಲಗಮವ್ವನನ್ನು ಒಳಗೆ ಕರೆದುಕೊಂಡು ಹೋಗಿ, ಜೋಳದ ಚೀಲಕ್ಕೆ ಕೋಲಿನಿಂದ ಬಡಿಯುತ್ತ, "ಚೀರು, ಚೀರಲೇ, ಅವ್ವ ಹೊರಗ ಕುಂತಾಳು" ಎಂದು ಪಿಸುಗುಡುತ್ತಿದ್ದ. ಆಕೆ ಚೀರುತ್ತ ಚೀರುತ್ತ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದಳು. ತನ್ನ ಬಾಳಿನಲ್ಲಿ ಸುಖ ಎಂದು ಆಕೆಗೆ ನೆನಪಿರುವುದು ಅದೇ, ಪೆಟ್ಟು ತಿನ್ನುತ್ತಿದ್ದ ಆ ಜೋಳದ ಚೀಲ.

ಮಮದಾಪುರದಲ್ಲಿ ಕೆಂಚವ್ವನ ಬದಲು ಪೆಟ್ಟು ತಿನ್ನಲು ಚೀಲ ಇರಲಿಲ್ಲ. ಒಂದು ದಿನ ಆಕೆ ಹಸುಗೂಸು ಸದಾಶಿವನನ್ನು ಜೋಲಿಯಲ್ಲೇ ಬಿಟ್ಟು ಉಟ್ಟ ಸೀರೆಯಲ್ಲಿ ತವರಿಗೆ ನಡೆದಳು. ಕೂಸನ್ನು ಎತ್ತಿಕೊಳ್ಳಲು ಉದ್ದಪ್ಪ ಬಿಡಲಿಲ್ಲ. ಆಕೆ ಘೋಡಗೇರಿ ಮುಟ್ಟಿದ ಮರುದಿನ ಲಗಮವ್ವನ ಗಂಟು ಹೊರಗೆ ಬಂತು. ಸಾಟಿ ಅಂದಮೇಲೆ ಸಾಟಿಯೇ. ಆಕೆಯ ಮಗ ಭೀಮಶಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಕೂಸು ಆ ಮನೆಯ ಕುಡಿಯೆಂದು ಅಲ್ಲೇ ಉಳಿಯಿತು. ಶಿದ್ರಾಮ ಹುಕ್ಕೇರಿ ರಸ್ತೆಯ ತನಕ ಬಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ನಿಂತ.

ಅಂತೂ ಎರಡೂ ಮನೆಯ ತಕ್ಕಡಿ ಸಮನಾಯಿತು. ಘೋಡಗೇರಿಯಲ್ಲಿ ಕೆಂಚವ್ವ ಲಗಮವ್ವನ ಮಗನನ್ನು ಎತ್ತಿ ಆಡಿಸಿದಳು. ಮಮದಾಪುರದಲ್ಲಿ ಲಗಮವ್ವ, ಸೋರುವ ಎದೆ ಹಿಡಿದುಕೊಂಡು ಬಂದವಳು, ಹಸಿದು ಅಳುತ್ತಿದ್ದ ಕೆಂಚವ್ವನ ಮಗನನ್ನು ಮಡಿಲಿಗೆ ಎಳೆದುಕೊಂಡಳು. ಭೀಮಶಿಯ ಹಾಲು ಸದಾಶಿವ ಕುಡಿದು ಬೆಳೆದ.

ಮುಂದಿನ ಸುಗ್ಗಿಗೆ ಕೆಂಚವ್ವ, ಮಗನನ್ನು ಬಿಟ್ಟಿರಲಾರದೆ, ಗಂಡನ ಮನೆಗೆ ತಾನೇ ತಿರುಗಿ ಬಂದಳು. ಹಾಗಾದರೆ ಲಗಮವ್ವನೂ ತಿರುಗಿ ಹೋಗಬೇಕಿತ್ತು. ಆದರೆ ಅಷ್ಟರಲ್ಲಿ ಶಿದ್ರಾಮನಿಗೆ ಅವನ ಅವ್ವ ಬೇರೆ ಮದುವೆ ಮಾಡಿ ಮುಗಿಸಿದ್ದಳು. ಅಂದಿನಿಂದ ಇಬ್ಬರೂ ಒಂದೇ ಸೂರಿನಡಿ ಇದ್ದಾರೆ. ಒಲೆಯ ಮುಂದೆ ಕೆಂಚವ್ವ, ಕುರಿಯ ದೊಡ್ಡಿಗೆ ಹತ್ತಿದ ಮೂಲೆಯಲ್ಲಿ ಲಗಮವ್ವ. ಆ ಮಾತನ್ನು ಇಬ್ಬರೂ ಒಮ್ಮೆಯೂ ಎತ್ತಲಿಲ್ಲ. ಉದ್ದಪ್ಪ ಸತ್ತ. ಶಿದ್ರಾಮನೂ ಸತ್ತನೆಂದು ಸುದ್ದಿ ಬಂದಾಗ ಲಗಮವ್ವನಿಗೆ ಬಳೆ ಒಡೆದುಕೊಳ್ಳುವ ಹಕ್ಕೂ ಇರಲಿಲ್ಲ.

ಈಗ ಮನೆಯ ಯಜಮಾನ ಸದಾಶಿವ. ಕುರಿ ಕಡಿಮೆಯಾಗಿ ಕಬ್ಬು ಬಂದಿದೆ, ಟ್ರ್ಯಾಕ್ಟರು ಬಂದಿದೆ, ಹೆಂಚು ಹೋಗಿ ಸ್ಲ್ಯಾಬು ಬಿದ್ದಿದೆ. ಬರದಿದ್ದದ್ದು ಸೊಸೆ. ಸದಾಶಿವನ ಮಗ ಈಶ್ವರನಿಗೆ ಮೂವತ್ತು ದಾಟಿತು. ಕೆಟ್ಟವನಲ್ಲ, ಕುಡಿಯುವುದಿಲ್ಲ, ದುಡಿಯುತ್ತಾನೆ. ಆದರೆ ಹೆಣ್ಣಿನ ಕಡೆಯವರ ಮೊದಲ ಪ್ರಶ್ನೆಯೇ ಪಗಾರ ಎಷ್ಟು ಎಂಬುದು. ಒಬ್ಬ ತಾಯಿಯಂತೂ ಅಂಗಳದಲ್ಲಿ ನಿಂತು ಮೂಗಿಗೆ ಸೆರಗು ಹಿಡಿದು, ತಿಪ್ಪೆ ಮನೆಗೆ ಇಷ್ಟು ಹತ್ತಿರವೇ ಎಂದು ಕೇಳಿ ಹೋದಳು. ಅವತ್ತು ಈಶ್ವರ ಊಟ ಮಾಡಲಿಲ್ಲ.

ಆಗ ಮೂಡಲಗಿ ಕಡೆಯ ಒಂದು ಮನೆತನದಿಂದ ಮಾತು ಬಂತು. ಅವರಿಗೂ ಹೆಣ್ಣು ಸಿಗದೆ ಕೂತ ಮಗನಿದ್ದ, ಲಗ್ನಕ್ಕೆ ಬಂದ ಮಗಳಿದ್ದಳು. ನಮ್ಮ ಹುಡುಗಿ ನಿಮ್ಮ ಈಶ್ವರನಿಗೆ, ನಿಮ್ಮ ದ್ರಾಕ್ಷಾಯಿಣಿ ನಮ್ಮ ಹುಡುಗನಿಗೆ. ದ್ರಾಕ್ಷಾಯಿಣಿ ಈಶ್ವರನ ತಂಗಿ, ಬಸ್ಸು ಹಿಡಿದು ಗೋಕಾಕದ ಕಾಲೇಜಿಗೆ ಹೋಗುವ ಹುಡುಗಿ. ನಡಿಗೆ ಕಲಿಯುವ ಮೊದಲೇ ಲಗಮವ್ವನ ಬುಟ್ಟಿಯಲ್ಲಿ ಕೂತು ಹೊಲ ಸುತ್ತಿದವಳು. ಸಾಟಿ ನಾಡಿನ ಎಲ್ಲ ಕತೆಯೂ ಮೊದಲು ಅವಳ ಕಿವಿಗೇ ಬಿದ್ದದ್ದು. ಆ ಸುದ್ದಿ ಕೇಳಿದ ದಿನ ಲಗಮವ್ವನ ಕೈಯಿಂದ ಕಾಳಿನ ಮೊರ ಜಾರಿ ಅಂಗಳದ ತುಂಬ ಜೋಳ ಚೆಲ್ಲಿತು.

ಸಂಜೆ ಹುಡುಗಿ ಬಸ್ಸಿಳಿದು ನೇರ ಹೊಲಕ್ಕೆ ಬಂದಳು. ಲಗಮವ್ವ ಖಾಲಿ ಬುಟ್ಟಿಯ ಪಕ್ಕದಲ್ಲಿ ಒಬ್ಬಳೇ ಕೂತಿದ್ದಳು.

"ಆಯಿ, ತಿರುಗಿ ಬಂದ ವಸ್ತುವಿಗೆ ಹಳೇ ಜಾಗಾ ಇರದಿದ್ರ ಏನಾಗ್ತೈತಿ? ಇವತ್ತರೆ ಹೇಳು."

ಲಗಮವ್ವ ಹೇಳಿದಳು. ಕತೆಯಾಗಿ ಅಲ್ಲ, ಹೆಸರು ಹಿಡಿದು ಹೇಳಿದಳು. ಜೋಳದ ಚೀಲ, ಹುಕ್ಕೇರಿ ರಸ್ತೆ, ಹಲ್ಲು ಬರದ ಭೀಮಶಿ. ಹುಡುಗಿಗೆ ಅದರಲ್ಲಿ ಅರ್ಧವೂ ಗೊತ್ತಿರಲಿಲ್ಲ. ಅಪ್ಪ ಯಾರ ಹಾಲು ಕುಡಿದು ಬೆಳೆದನೆಂದು ಕೇಳಿದಾಗ ಅವಳು ಮುದುಕಿಯ ಕೈ ಹಿಡಿದುಕೊಂಡಳು.

"ನಾ ಒಲ್ಲೆ ಆಯಿ. ಆದ್ರ ನಾ ಒಬ್ಬಾಕಿನ ಅಂದ್ರ, ಸಾಲಿ ಕಲ್ತ ಸೊಕ್ಕು ಅಂತಾರು. ನೀ ನನ್ನ ಬಾಜೂ ನಿಂತ ಮಾತಾಡ್ತಿಯೇನು?"

"ಮಾತಾಡ್ತೇನಿ ಮಗಳ," ಎಂದಳು ಲಗಮವ್ವ. ಆ ಮನೆಯಲ್ಲಿ ಆಕೆ ದೊಡ್ಡ ದನಿಯಲ್ಲಿ ಮಾತಾಡಿ ಎಷ್ಟು ಕಾಲವಾಗಿತ್ತೋ ಆಕೆಗೇ ನೆನಪಿರಲಿಲ್ಲ.

ಮೂಡಲಗಿ ಕಡೆಯವರು ಕ್ರೂಸರ್ ಗಾಡಿ ಮಾಡಿಕೊಂಡು ಬಂದರು. ಸುಸಲಾ ಆಯಿತು, ಚಹಾ ಆಯಿತು, ಹುಡುಗಿ ಬಂದು ನಮಸ್ಕಾರ ಮಾಡಿ ಹೋದಳು. ಇನ್ನೇನು ಎಲೆ ಅಡಕೆ ಹಂಚಬೇಕು ಎನ್ನುವಾಗ ಲಗಮವ್ವ ತನ್ನ ಮೂಲೆಯಿಂದ ಎದ್ದು ಪಡಸಾಲೆಯ ನಡುವೆ ಬಂದು ನಿಂತಳು.

"ಒಂದ ಮಾತ ಕೇಳ್ತೇನ್ರಿ ಹಿರ್ಯಾರ. ನಾಳೆ ನಿಮ್ಮ ಹುಡುಗಿಗೆ ಇಲ್ಲಿ ಒಗ್ಗಲಿಲ್ಲ, ಮುನಿಸಿಕೊಂಡ ತವರಿಗೆ ಬಂದ್ಲು ಅಂತ ತಿಳೀರಿ. ಆವಾಗ ನಮ್ಮ ಹುಡುಗಿನ್ನ ಏನ್ ಮಾಡ್ತೀರಿ?"

"ಅಂಥಾ ಪಾಳಿ ಯಾಕ ಬರ್ತೈತಿ ಬೇ?" ಎಂದ ಬಂದ ಹಿರಿಯ.

"ಬಂದ್ರ?"

ಹಿರಿಯ ನಕ್ಕ. ಒಳ್ಳೆಯ ನಗುವೇ. "ಸಾಟಿ ಅಂದಮ್ಯಾಲೆ ಮತ್ತೇನೈತ್ರಿ? ನಮ್ಮದು ನಮಗ, ನಿಮ್ಮದು ನಿಮಗ."

"ಹುಟ್ಟಿದ ಕೂಸು ಯಾರದ್ರಿ?"

ಅಡುಗೆಮನೆಯ ಬಾಗಿಲಲ್ಲಿ ಕೆಂಚವ್ವ ತಲೆ ತಗ್ಗಿಸಿದಳು.

"ಹುಡುಗಿ ಒಲ್ಲೆ ಅಂತಾಳು. ನಾನೂ ಒಲ್ಲೆ ಅಂತೇನಿ," ಎಂದಳು ಲಗಮವ್ವ.

ಬಂದವರು, ಮನೆಯಲ್ಲಿ ಒಂದು ಮಾತು ಮಾಡಿಕೊಂಡು ಹೇಳಿ ಕಳಿಸಿರಿ ಎಂದು ಎದ್ದರು. ಕ್ರೂಸರಿನ ಧೂಳು ಇಳಿಯುವ ಮೊದಲೇ ಸದಾಶಿವ ಗುಡುಗಿದ.

"ಅತ್ತಿ, ಯಾರ ಮನಿ ಅಂತ ತಿಳ್ಕೊಂಡ ಮಾತಾಡಿದಿ? ಇಷ್ಟ ವರ್ಷ ಕೂಳ ಹಾಕಿದ್ದಕ್ಕ ನನ್ನ ಮಗನ ಬಾಳೇವಕ್ಕ ಕಲ್ಲ ಒಗದಿ. ಈ ಮನೀಗೆ ನೀ ಏನ್ ತಂದೀದಿ ಹೇಳು? ಏನ್ ತಂದೀದಿ?"

ಅದಕ್ಕೆ ಉತ್ತರ ಇತ್ತು. ಲಗಮವ್ವ ಅವನ ಅಗಲ ಎದೆ, ಗಟ್ಟಿ ತೋಳು ನೋಡಿದಳು. ತಾನು ತಂದದ್ದು ಅಲ್ಲೇ ಎದುರಿಗೆ ಕಾಲೂರಿ ನಿಂತು ಬೈಯುತ್ತಿತ್ತು. ಆದರೆ ಹಾಲನ್ನು ತಕ್ಕಡಿಗೆ ಹಾಕಲು ಆಕೆಗೆ ಮನಸ್ಸು ಬರಲಿಲ್ಲ. ದ್ರಾಕ್ಷಾಯಿಣಿ ಬಾಯಿ ತೆರೆದಾಗ ಮುದುಕಿ ಕಣ್ಣಿನಲ್ಲೇ ಬೇಡವೆಂದಳು. ಈಶ್ವರ ಯಾರನ್ನೂ ನೋಡದೆ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ ಹೋದ. ಅದು ಆಕೆಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು, ಅವನನ್ನೂ ಆಕೆ ಎತ್ತಿ ಆಡಿಸಿದ್ದಳು.

ಮರುದಿನ ಬೆಳಿಗ್ಗೆ, ಹುಡುಗಿ ನೀರಿಗೆ ಹೋದ ಹೊತ್ತು ನೋಡಿ, ಸದಾಶಿವ ಲಗಮವ್ವನ ಗಂಟನ್ನೂ ಬುಟ್ಟಿಯನ್ನೂ ಹೊರಗಿನ ಕಟ್ಟೆಯ ಮೇಲೆ ಇಟ್ಟ. "ಘೋಡಗೇರ್ಯಾಗ ಮಗಾ ಅದಾನಲ್ಲ. ಅಲ್ಲಿ ಹೋಗಿ ಮಾತಾಡು." ಗಂಟು ಹೊರಗೆ ಬರುವುದು ಆಕೆಗೆ ಹೊಸದಲ್ಲ. ಸುಮ್ಮನೆ ಎತ್ತಿಕೊಂಡಳು.

ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಆಕೆ ಬಸ್ಸುಗಳನ್ನು ಬಿಡುತ್ತ ಹೋದಳು. ಅರಭಾವಿಯ ತೋಟಗಾರಿಕೆ ಕಾಲೇಜಿಗೆ ಹೋಗುವ ಹುಡುಗರು ಹತ್ತಿದರು, ಹಾಲಿನ ಕ್ಯಾನು ಇಳಿದವು, ಗೋಕಾಕಕ್ಕೆ ಹೋಗುವವರು ಬಾ ಆಯಿ ಎಂದು ಕರೆದರು. ಭೀಮಶಿಗೆ ಈಗ ಐವತ್ತರ ಮೇಲೆ. ಒಮ್ಮೆ ತನ್ನ ಮಗಳ ಲಗ್ನಪತ್ರಿಕೆ ಕೊಡಲು ಬಂದಿದ್ದ. ಎಲ್ಲರಿಗೂ ನಮಸ್ಕಾರ ಮಾಡಿ, ಆಕೆಯ ಮೂಲೆಗೆ ಬಂದು, "ನೀವೂ ಬರ್ರಿ" ಎಂದಿದ್ದ. ನೀವು, ಬರ್ರಿ. ಹೆತ್ತ ಮಗ ಮರ್ಯಾದೆ ಕೊಟ್ಟು ಮಾತಾಡಿದರೆ ಎಷ್ಟು ನೋವಾಗುತ್ತದೆಂದು ಅವತ್ತು ತಿಳಿಯಿತು. ಅವನ ಬಾಗಿಲಲ್ಲಿ ಗಂಟು ಇಳಿಸಿ ಏನೆಂದು ಹೇಳಬೇಕು? ಹಾಲು ಬೇರೆಯವರಿಗೆ ಕೊಟ್ಟೆ, ನಿನ್ನ ಹತ್ತಿರ ಕೂಳಿಗೆ ಬಂದೆ ಎಂದೇ? ಆದರೂ ಎದೆಯ ಒಳಗೆ ಒಂದು ಸಮಾಧಾನ ಇತ್ತು. ಹುಡುಗಿ ಉಳಿದಳು. ಅದಕ್ಕೆ ಈ ಗಂಟು ದೊಡ್ಡದಲ್ಲ.

ಬಿಸಿಲು ಏರಿದ ಮೇಲೆ ಈಶ್ವರನ ಬೈಕು ಬಂದು ನಿಂತಿತು. ಅವನ ಮುಖ ಅರಳಿತ್ತು.

"ಏಳ ಆಯಿ, ಮನೀಗೆ ನಡಿ. ಅಪ್ಪ ಸಿಟ್ಟಿನಾಗ ಅಂದಾನು. ನಿನ್ನ ಕರಕೊಂಡ ಬಾ ಅಂತ ಅವನೇ ನನ್ನ ಕಳಿಸ್ಯಾನು."

ಹಾಲು ಕೊನೆಗೂ ನೆನಪಾಯಿತು ಅವನಿಗೆ, ಎಂದುಕೊಂಡಳು ಲಗಮವ್ವ. ಈಶ್ವರನ ಬೆನ್ನು ಹಿಡಿದು ಕೂತಾಗ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂತೆಂದು ಸುಳ್ಳೇ ಒರೆಸಿಕೊಂಡಳು.

ಮನೆಯಲ್ಲಿ ಎಲ್ಲರೂ ಮೆತ್ತಗೆ ಮಾತಾಡಿದರು. ಆಕೆಯ ಮೂಲೆ ಸಾರಿಸಿತ್ತು. ಹಳೇ ಕೌದಿಯ ಮೇಲೆ ಹೊಸ ಚಾದರ ಹಾಸಿತ್ತು. ಸದಾಶಿವ ಅಂಗಳದಲ್ಲಿ ಫೋನು ಕಿವಿಗಿಟ್ಟುಕೊಂಡು, "ಹೌದ್ರಿ ಬೀಗರ, ಹೌದ್ರಿ" ಎನ್ನುತ್ತಿದ್ದ. ಅವನ ಹಣೆಯ ಮೇಲೆ ಅರಿಶಿನದ ಭಂಡಾರ. ಕೆಂಚವ್ವ ಚಹಾ ತಂದು ಲಗಮವ್ವನ ಎದುರು ಕೂತಳು. ಹಾಗೆ ಎದುರು ಕೂತದ್ದು ಅದೇ ಮೊದಲು.

"ಹುಡುಗಿ ಹೂಂ ಅಂದ್ಲು ಲಗಮವ್ವ," ಎಂದಳು ಕೆಂಚವ್ವ. "ನೀರು ತಗೊಂಡ ಬಂದಾಕಿ ನಿನ್ನ ಮೂಲಿ ನೋಡಿದ್ಲು, ಕೊಡಾ ಇಳಸಲಿಲ್ಲ, ಹೊತ್ಕೊಂಡ ನಿಂತ ಹೇಳಿದ್ಲು. ಆಯಿ ತಿರುಗಿ ಬಂದ್ರ ನಾ ಹೂಂ ಅಂತೇನಿ, ಆಕಿ ಇರೋತನಕ ಆ ಮೂಲಿ ಆಕಿದು, ಯಾರೂ ಎಬ್ಬಸಬಾರದು ಅಂತ. ಮನಿದೇವರು ಬೀರಪ್ಪನ ಮುಂದ ಅಪ್ಪನ ಕಡಿಂದ ಭಂಡಾರ ಮುಟ್ಟಿಸಿ ಆಣಿ ಮಾಡಿಸ್ಕೊಂಡ್ಲು." ಆಮೇಲೆ ನೆಲ ನೋಡುತ್ತ ಹೇಳಿದಳು. "ನಾ ತಿರುಗಿ ಬಂದಾಗ ನೀ ತೆತ್ತಿ. ಈಗ ನೀ ತಿರುಗಿ ಬಂದಿ, ಹುಡುಗಿ ತೆತ್ಲು."

ಲಗಮವ್ವ ಚಹಾ ಕೆಳಗಿಟ್ಟಳು. ಎದ್ದು ಹಿತ್ತಲಿಗೆ ಹೋದಳು. ದ್ರಾಕ್ಷಾಯಿಣಿ ತಂತಿಯ ಮೇಲೆ ಬಟ್ಟೆ ಹರವುತ್ತಿದ್ದಳು.

"ಯಾಕ ಮಾಡಿದಿ ಮಗಳ? ನಿನಗ ಯಾರ ಕೇಳಿದ್ರು ಇದನ್ನ?"

"ನೀನ ಹೇಳಿದ್ಯಲ್ಲ ಆಯಿ," ಎಂದಳು ಹುಡುಗಿ, ತಿರುಗದೆ. "ಆ ನಾಡಿನಾಗ ಬಿಟ್ಟಿ ಯಾವುದೂ ಸಿಗೂದಿಲ್ಲ ಅಂತ."

ಲಗಮವ್ವ ಬೇವಿನ ನೆರಳಲ್ಲಿ ಕೂತು ಎಷ್ಟು ವರ್ಷ ನಗುನಗುತ್ತ ಆ ಕಟ್ಟಳೆ ಹೇಳಿಕೊಟ್ಟಿದ್ದಳು! ಮಕ್ಕಳು ಕತೆಯೆಂದು ಕೇಳುತ್ತವೆ ಎಂದುಕೊಂಡಿದ್ದಳು.

"ಹಂಗಾರ ನಾ ಈಗ ಎದ್ದ ಹೋಗ್ತೇನಿ. ನಾ ಹೋದ್ರ ನಿನ್ನ ಮಾತೂ ನಿನಗ ತಿರುಗಿ ಬರ್ತೈತಿ."

"ಬರೂದಿಲ್ಲ ಆಯಿ. ಅಪ್ಪ ಒಬ್ಬನ ಅಲ್ಲ, ನಾನೂ ಭಂಡಾರ ಮುಟ್ಟೇನಿ. ನೀ ಹೋದ್ರೂ ನಾ ಹೋಗೂದು ತಪ್ಪೂದಿಲ್ಲ. ಆದ್ರ ನೀ ಹೋದ್ರ, ನಾ ಸುಮ್ನ ಹೋದಂಗ ಆಗ್ತೈತಿ." ಅವಳು ಕೊನೆಯ ಬಟ್ಟೆ ಜಾಡಿಸಿ ಹಾಕಿದಳು. "ಅಣ್ಣನ ಮಾರಿ ನೋಡಿದೇನು? ಎಷ್ಟ ದಿನದಿಂದ ನಕ್ಕಿದ್ದಿಲ್ಲ."

ಬೇಸಿಗೆಯಲ್ಲಿ ಒಂದೇ ಹಂದರದಲ್ಲಿ ಎರಡು ಮದುವೆ ಆದವು. ಬಂದ ಸೊಸೆ ಒಳ್ಳೆಯವಳು, ಸ್ವಲ್ಪ ಮಾತು ಕಡಿಮೆ. ಅವಳು ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡಿ ಇಟ್ಟರೂ ಲಗಮವ್ವ ಎದ್ದು ಹೋಗಿ ನೋಡಿ ಬರುತ್ತಾಳೆ. ಈಶ್ವರ ದನಿ ಏರಿಸಿದರೆ ಮುದುಕಿ ನಡುವೆ ಬಂದು ನಿಲ್ಲುತ್ತಾಳೆ. ದ್ರಾಕ್ಷಾಯಿಣಿಯಿಂದ ಫೋನು ಬರುತ್ತದೆ. ಆರಾಮ ಇದ್ದೇನಿ ಅನ್ನುತ್ತಾಳೆ. ಕಾಲೇಜಿನ ಮಾತು ಅವಳೂ ಎತ್ತುವುದಿಲ್ಲ, ಇವರೂ ಕೇಳುವುದಿಲ್ಲ.

ಮತ್ತೆ ರಾಶಿ ಬಂದಾಗ ಹುಡುಗರು ಬೊಗಸೆಯಲ್ಲಿ ಕಾಳು ಹಿಡಿದುಕೊಂಡು ಓಡಿ ಬಂದರು. ಲಗಮವ್ವ ಚುರುಮುರಿ ಕೊಟ್ಟಳು. ಸಾಟಿ ನಾಡಿನ ಕತೆ ಕೇಳಿದರೆ, ಆ ನಾಡು ಹಾಳು ಬಿತ್ತು ಎಂದಳು. ಎಷ್ಟು ಕಾಡಿದರೂ ಹೇಳಲಿಲ್ಲ.

ಮೊದಲೆಲ್ಲ ಆಕೆ ಸಂಜೆ ದೀಪ ಹಚ್ಚುವಾಗ, ಬೀರಪ್ಪಾ ನನ್ನ ಲಗೂನ ಒಯ್ಯೋ, ಎಂದು ಬೇಡಿಕೊಳ್ಳುತ್ತಿದ್ದಳು. ಈಗ ಬೇಡಿಕೊಳ್ಳುವುದಿಲ್ಲ. ಕೆಮ್ಮು ಬಂದರೆ ತಾನೇ ಗುಳಿಗೆ ಕೇಳಿ ನುಂಗುತ್ತಾಳೆ, ಹಸಿವಿಲ್ಲದಿದ್ದರೂ ತಾಟಿನಲ್ಲಿ ಹಾಕಿದ ರೊಟ್ಟಿಯನ್ನು ಪೂರ್ತಿ ತಿನ್ನುತ್ತಾಳೆ, ಬಿಸಿಲಿಗೆ ತಲೆ ಮುಚ್ಚಿಕೊಳ್ಳುತ್ತಾಳೆ. ಮುದುಕಿಗೆ ಈ ವಯಸ್ಸಿನಲ್ಲಿ ಜೀವದ ಆಸೆ ಹುಟ್ಟಿದೆ ಎಂದು ಮನೆಯವರು ನಗುತ್ತಾರೆ. ನಗಲಿ. ಆ ಮೂಲೆಯಲ್ಲಿ ಆಕೆ ಇರುವ ತನಕ ಮಾತ್ರ ಹುಡುಗಿ ಕೊಟ್ಟದ್ದಕ್ಕೆ ಬದಲು ಒಂದು ವಸ್ತು ಇದೆ. ಲಗಮವ್ವ ಚಾದರ ಎಳೆದುಕೊಂಡು ಗೋಡೆಗೆ ಒರಗಿ ಕೂಡುತ್ತಾಳೆ, ಇನ್ನೊಂದು ದಿನ ಬದುಕುತ್ತಾಳೆ.